ಕೊಟ್ಟಿಗೆಯ ಲೆಕ್ಕ ಹೇಳಿದ ಆಯಿ

ಎಡಗೈ ಇರಬೇಕು. ಬಲಗೈ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ, ಈಗ ಬರೆಯಲು ಕೂತಾಗ ಅನುಮಾನ ಬರುತ್ತಿದೆ. ಕಿರುಬೆರಳು ಒಳಕ್ಕೆ ಮಡಚಿ ಅಂಗೈಗೆ ಅಂಟಿಕೊಂಡಂತಿದ್ದ ಆಯಿಯ ಆ ಕೈ ಯಾವುದು? ಗೌಡರ ಹಿತ್ತಲ ಗೋಡೆಯ ತುಂಬ ಸಾಲಾಗಿ ತಟ್ಟಿದ್ದ ಕುಳ್ಳುಗಳು, ಅಂದರೆ ಬೆರಣಿಗಳು, ಮಾತ್ರ ಕಣ್ಣ ಮುಂದೆ ಹಾಗೇ ಇವೆ. ಬೇರೆಯವರು ತಟ್ಟಿದ ಕುಳ್ಳಿನ ಮೇಲೆ ನಾಲ್ಕು ಬೆರಳಿನ ಗುರುತು ಇದ್ದರೆ ಇವಳದರ ಮೇಲೆ ಮೂರೇ. ಕುಷ್ಟಗಿಯ ಸಂತೆಯಲ್ಲಿ ಜನ ಮೂರು ಬೆರಳಿನ ಕುಳ್ಳು ಎಂದೇ ಕೇಳಿ ಒಯ್ಯುತ್ತಾರೆ ಎಂದು ಅವಳು ಹೇಳುತ್ತಿದ್ದಳು. ಅದನ್ನು ನಾನು ಕಣ್ಣಾರೆ ಕಂಡವನಲ್ಲ. ಕಂಡಿದ್ದೇನೆ ಎಂದು ಒಂದೆರಡು ಕಡೆ ಹೇಳಿದ್ದುಂಟು.

ಊರೆಲ್ಲ ಅವಳನ್ನು ಆಯಿ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ. ನಾನಾಗ ಯಲಬುರ್ಗಾ ಕುಷ್ಟಗಿಗಳ ನಡುವಿನ ಏಳೆಂಟು ಹಳ್ಳಿಗಳಿಗೆ ಗ್ರಾಮಸೇವಕ. ಆ ಊರಿನಲ್ಲಿ ಗೌಡರ ಮನೆಯ ಎದುರಿಗೆ ಒಂದು ಕೋಣೆ ಹಿಡಿದಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿತ್ತೋ, ಎಂಬತ್ತು ಶುರುವಾಗಿತ್ತೋ, ಸರಿಯಾಗಿ ಹೇಳಲಾರೆ. ಸೀಮೆಎಣ್ಣೆ ಸಿಗುತ್ತಿರಲಿಲ್ಲ ಎಂಬುದು ಮಾತ್ರ ನೆನಪಿದೆ. ಸೊಸೈಟಿಯ ಮುಂದೆ ಡಬ್ಬಿ, ಬಾಟಲಿ, ಕ್ಯಾನುಗಳು ಬೆಳಗಿನಿಂದ ಸಾಲು ಹಚ್ಚಿರುತ್ತಿದ್ದವು. ಜನ ನೆರಳಿನಲ್ಲಿ ಕೂತಿರುತ್ತಿದ್ದರು.

ಬೆಳಿಗ್ಗೆ ನಾನು ಹಲ್ಲುಜ್ಜಲು ಹೊರಗೆ ಬರುವ ಹೊತ್ತಿಗೆ ಆಯಿ ಗೌಡರ ದನದ ಕೊಟ್ಟಿಗೆಯಲ್ಲಿ ಇರುತ್ತಿದ್ದಳು. ಸೀರೆಯ ಕಚ್ಚೆ ಬಿಗಿದು, ಬಗ್ಗಿ, ಎರಡೂ ಕೈಯಲ್ಲಿ ಹೆಂಡಿ ಬಳಿದು ಬುಟ್ಟಿಗೆ ತುಂಬುತ್ತ ದನಗಳೊಡನೆ ಮಾತಾಡುವಳು. ಸೆಗಣಿಗೆ ಆ ಕಡೆ ಹೆಂಡಿ ಎನ್ನುತ್ತಾರೆ. ಅವಳಿಗೆ ಕೂಲಿ ಎಂದು ಏನೂ ಇರಲಿಲ್ಲ. ಕೊಟ್ಟಿಗೆ ಬಳಿದು ಶುಚಿ ಮಾಡಬೇಕು, ಆ ಹೆಂಡಿಯಿಂದ ಕುಳ್ಳು ತಟ್ಟಬೇಕು, ಅರ್ಧ ಗೌಡರ ಒಲೆಗೆ, ಅರ್ಧ ಅವಳಿಗೆ. ಅವಳು ಆ ಊರಿಗೆ ಸೊಸೆಯಾಗಿ ಬಂದಾಗಿನಿಂದ ಇದೇ ಏರ್ಪಾಡು. ಅದಕ್ಕೂ ಮೊದಲು ಅವಳ ಅತ್ತೆ ಬಳಿಯುತ್ತಿದ್ದಳಂತೆ. ಗಂಡ ಸತ್ತ ಮೇಲೆ ಅವಳ ಬದುಕು ನಿಂತಿದ್ದು ಆ ಅರ್ಧದ ಮೇಲೆ. ಅದನ್ನು ಮಾರಿ ಜೋಳ ತರುತ್ತಿದ್ದಳು, ಅದರಲ್ಲೇ ಸ್ವಲ್ಪ ಉರಿಸಿ ರೊಟ್ಟಿ ಸುಡುತ್ತಿದ್ದಳು.

ಹೊರಗೆ ಬಯಲಿನಲ್ಲಿ ಬಿದ್ದ ಹೆಂಡಿಗೂ ಒಂದು ನಿಯಮ ಇತ್ತು. ಮೊದಲು ಕಂಡವಳು ಅದರ ಮೇಲೆ ಒಂದು ಹರಳು ಇಟ್ಟು ಹೋದರೆ ಅದು ಅವಳದು. ಬುಟ್ಟಿ ತುಂಬಿ, ಮನೆಗೆ ಹೋಗಿ ಸುರಿದು, ತಿರುಗಿ ಬರುವ ತನಕ ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಜಗಳಗಂಟಿಯರೆಂದು ಹೆಸರಾದ ಹೆಂಗಸರೂ ಆ ಹರಳನ್ನು ದಾಟುತ್ತಿರಲಿಲ್ಲ. ಈ ನಿಯಮ ಕೇಳಿ ನಾನು ನಕ್ಕಾಗ ಆಯಿಗೆ ಆಶ್ಚರ್ಯವಾಗಿತ್ತು. ಇದರಲ್ಲಿ ನಗುವುದೇನಿದೆ ಎಂದು ಅವಳಿಗೆ ತಿಳಿಯಲಿಲ್ಲ.

ಗೋಬರ್ ಗ್ಯಾಸ್ ಯೋಜನೆ ನನ್ನ ಕೈಗೆ ಬಂದದ್ದು ಆಗ. ಚಾವಡಿಯ ಮುಂದೆ ಜನ ಸೇರಿಸಿ ಭಾಷಣ ಮಾಡಿದೆ. ಸೀಮೆಎಣ್ಣೆ ಅರಬ ದೇಶದಿಂದ ಬರುತ್ತದೆ, ಅವರು ಬೆಲೆ ಏರಿಸಿದ್ದಾರೆ, ಎಷ್ಟು ದಿನ ಅವರ ಬಾಗಿಲು ಕಾಯುವುದು, ನಮ್ಮ ಕೊಟ್ಟಿಗೆಯಲ್ಲೇ ಬೆಂಕಿ ಇದೆ, ದಿನಾ ಹುಟ್ಟುವ ಬೆಂಕಿ, ಮುಗಿಯುವುದಲ್ಲ. ನಂಬಿಯೇ ಹೇಳಿದ್ದೆ. ಈಗಲೂ ನಂಬುತ್ತೇನೆ. ಗಂಡಸರ ಗುಂಪಿನ ಹಿಂದೆ ಸೊಂಟದ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು ನಿಂತಿದ್ದ ಆಯಿ ಕೇಳಿದಳು: “ಆ ಅರಬರ ಹಂತ್ಯಾಕ ಎಮ್ಮಿ ಇಲ್ಲೇನ್ರಿ, ಸಾಹೇಬ್ರ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಂಟೆ ಇವೆ ಎಂದೆ. ಒಂಟೆಯ ಹೆಂಡಿ ಹೇಗಿರುತ್ತದೆ ಎಂದು ಅವಳು ಕೇಳಿದಳು. ನನಗೆ ಗೊತ್ತಿರಲಿಲ್ಲ. “ಮತ್ತ ಯಾತರ ಗ್ಯಾಸಿನ ಸಾಹೇಬ?” ಎಂದು ಹೊರಟುಹೋದಳು.

ಗ್ಯಾಸು ಬೇಕೆಂದು ಹಟ ಹಿಡಿದವರು ಗೌಡರ ಹೆಂಡತಿ, ಗೌಡಸಾನಿ. ಆ ಮನೆಯ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಕುಳ್ಳಿನ ಹೊಗೆಯಲ್ಲಿ ವರ್ಷಗಟ್ಟಲೆ ಕೂತು ಅವರ ಕಣ್ಣು ಸದಾ ಕೆಂಪಾಗಿ ನೀರು ಸುರಿಸುತ್ತಿದ್ದವು. ಕೆಮ್ಮು ಹತ್ತಿದರೆ ಎದುರು ಮನೆಯಲ್ಲಿದ್ದ ನನಗೆ ಕೇಳಿಸುತ್ತಿತ್ತು. ಬಾಗಿಲ ಹಿಂದಿನಿಂದಲೇ ಅವರು ನನಗೆ ಹೇಳಿದ ಮಾತು ನೆನಪಿದೆ: “ನನ್ನ ಕಣ್ಣು ಪೂರಾ ಹೋಗೂದರಾಗ ಮಾಡ್ರಿ.” ಇದನ್ನು ಇಲ್ಲಿ ಬರೆಯದಿದ್ದರೆ ಕತೆ ಸುಲಭವಾಗುತ್ತದೆ. ಆದರೆ ಅವರ ಕಣ್ಣೂ ನಿಜವಾಗಿತ್ತು.

ಅರ್ಜಿ ತುಂಬಲು ಹೋದ ದಿನ ಗೌಡರು ಊರಿನಲ್ಲಿರಲಿಲ್ಲ. ಭತ್ತದ ಹುಲ್ಲು ತರಲು ಗಂಗಾವತಿಗೆ ಹೋಗಿದ್ದರು. ಅರ್ಜಿಯನ್ನು ಮರುದಿನವೇ ಆಫೀಸಿಗೆ ಮುಟ್ಟಿಸಬೇಕಿತ್ತು. ಎಷ್ಟು ದನ, ದಿನಕ್ಕೆ ಎಷ್ಟು ಸೆಗಣಿ ಎಂಬ ಕಾಲಂ ತುಂಬಬೇಕು. ಮನೆಯಾಳಿಗೆ ದನದ ಎಣಿಕೆ ಗೊತ್ತಿತ್ತು, ಸೆಗಣಿಯದು ಗೊತ್ತಿರಲಿಲ್ಲ. ಆಯಿಯನ್ನು ಕೇಳಿದೆ.

ಅವಳು ಕೈ ತೊಳೆದುಕೊಂಡು ಬಂದಳು. ಒಂದೊಂದು ದನದ ಮುಂದೆ ನಿಂತು, ಅದರ ಬೆನ್ನ ಮೇಲೆ ಕೈ ಇಟ್ಟು ಹೇಳುತ್ತ ಹೋದಳು. ಈ ಎಮ್ಮೆ ಬೆಳಿಗ್ಗೆ ಒಂದು ಬುಟ್ಟಿ ತುಂಬ, ಸಂಜೆ ಅರ್ಧ. ಹಸಿ ಮೇವಿನ ಕಾಲದಲ್ಲಿ ತೂಕ ಹೆಚ್ಚು, ಆದರೆ ತೆಳ್ಳಗಿರುತ್ತದೆ. ಜೋಳದ ಒಣ ಕಣಿಕೆ ತಿನ್ನುವ ಕಾಲದಲ್ಲಿ ಕಡಿಮೆ, ಆದರೆ ಗಟ್ಟಿ. ಗಬ್ಬವಾದ ಆಕಳು ಕೊನೆಯ ತಿಂಗಳಲ್ಲಿ ಇಷ್ಟು, ಈದ ಮೇಲೆ ಇಷ್ಟು. ಕೆಂಚ ಎತ್ತಿನ ಹತ್ತಿರ ಬಂದಾಗ, “ಇದು ಸಾಹುಕಾರನಂಥಾ ಎತ್ತು, ತಿಂದದ್ದು ಹೊರಗ ಬಿಡಂಗಿಲ್ಲ” ಎಂದಳು. ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಕೃಷಿ ತರಬೇತಿಯ ಯಾವ ಪುಸ್ತಕದಲ್ಲೂ ನಾನು ಓದಿರದ ಲೆಕ್ಕ ಅದು. ಮುಂದೆ ಆ ಪುಟಗಳಿಂದಲೇ ಆಫೀಸಿನಲ್ಲಿ ನನಗೆ ಹೆಸರು ಬಂತು.

ಅರ್ಜಿಯ ಕೆಳಗೆ ‘ಮಾಹಿತಿ ಕೊಟ್ಟವರ ಸಹಿ’ ಎಂದು ಜಾಗ ಇತ್ತು. ಗೌಡರು ಬರುವ ತನಕ ಕಾಯಲು ನನಗೆ ಹೊತ್ತಿರಲಿಲ್ಲ. ಸಹಿ ಹಾಕುತ್ತೀಯಾ ಎಂದು ಆಯಿಯನ್ನು ಕೇಳಿದೆ. ಅವಳು ನನ್ನ ಮುಖ ನೋಡಿದಳು. ಮತ್ತೊಮ್ಮೆ ಹೋಗಿ ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು ಬಂದು ಹೆಬ್ಬೆಟ್ಟು ಒತ್ತಿದಳು. ಮಸಿ ಸರಿಯಾಗಿ ಮೂಡಿಲ್ಲ ಎಂದು ಅವಳೇ ಇನ್ನೊಂದು ಸಲ ಒತ್ತಿದಳು. ಎರಡು ಹೆಬ್ಬೆಟ್ಟುಗಳಿದ್ದ ಆ ಅರ್ಜಿ ಮಂಜೂರಾಯಿತು.

ಹಿತ್ತಲಲ್ಲಿ ಬಾವಿಯಂಥ ಗುಂಡಿ ತೋಡಿ ಕಟ್ಟಿದರು. ಮೇಲೆ ಕಬ್ಬಿಣದ ದೊಡ್ಡ ಡ್ರಮ್ಮು. ಒಳಗೆ ಗ್ಯಾಸು ತುಂಬಿದಂತೆ ಡ್ರಮ್ಮು ನಿಧಾನ ಮೇಲೇಳುತ್ತದೆ, ಉರಿಸಿದಂತೆ ಇಳಿಯುತ್ತದೆ. ಒಲೆ ಹೊತ್ತಿಸಿದ ಬೆಳಿಗ್ಗೆ ಅರ್ಧ ಊರು ಬಂದಿತ್ತು. ಹೊಗೆ ಇಲ್ಲ, ಮಸಿ ಇಲ್ಲ, ನೀಲಿ ಉರಿ. ಗೌಡಸಾನಿ ಚಹಾ ಕಾಯಿಸಿದರು. ಅವರು ಒಲೆಯ ಮುಂದೆ ಕಣ್ಣು ಒರೆಸಿಕೊಳ್ಳದೆ ಕೂತದ್ದನ್ನು ನಾನು ಮೊದಲ ಸಲ ನೋಡಿದೆ. ಹಿತ್ತಲ ಬಾಗಿಲಲ್ಲಿ ತನ್ನದೇ ಲೋಟದಲ್ಲಿ ಚಹಾ ಕುಡಿದ ಆಯಿ, ಹೆಂಡಿಯ ವಾಸನೆ ಎಲ್ಲಿ ಹೋಯಿತು ಎಂದು ಚಹಾವನ್ನು ಮೂಸಿ ನೋಡಿ ನಗಿಸಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು.

“ತಮ್ಮಾ, ನನ್ನ ಪಾಲು ಹೆಂಗ ಕೊಡತಾರ? ನನ್ನ ಮನೀ ತನಾ ಕೊಳವಿ ಎಳೀತಾರೋ, ಇಲ್ಲಾ ಅರ್ಧ ಹೆಂಡೀನ ಕೊಡತಾರೋ?”

ನನಗೆ ಅರ್ಥವಾಗಲಿಲ್ಲ. ಯಾವ ಪಾಲು ಎಂದೆ.

“ನೀ ಬರಕೊಂಡಿಯಲ್ಲ. ನಾ ಹೆಬ್ಬೆಟ್ಟು ಒತ್ತೇನಲ್ಲ. ಹೊಲಾ ಉತ್ತಾಂವ ಹೆಬ್ಬೆಟ್ಟು ಒತ್ತಿದ, ಹೊಲಾ ಅವಂದಾತು. ಕೊಟಗಿ ಹೆಂಡಿ ಬಳದಾಕಿ ನಾನು.”

ಆಗ ತಿಳಿಯಿತು. ಕೆಲವು ವರ್ಷಗಳ ಹಿಂದೆ, ಉಳುವವರಿಗೇ ಭೂಮಿ ಎಂಬ ಕಾನೂನು ಬಂದಾಗ, ಅವಳ ಓಣಿಯ ಒಬ್ಬ ಪಾಲಿಗೆ ಮಾಡುತ್ತಿದ್ದ ಹೊಲಕ್ಕೆ ಅರ್ಜಿ ಹಾಕಿದ್ದ. ಸರ್ಕಾರದವರು ಬಂದು, ಎಷ್ಟು ವರ್ಷದಿಂದ ಉಳುತ್ತೀ, ಏನು ಬೆಳೆಯುತ್ತೀ ಎಂದು ಕೇಳಿ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಹೊಲ ಅವನ ಹೆಸರಿಗೆ ಬಂತು. ಆಯಿ ಆ ದಿನ ಅಲ್ಲೇ ನಿಂತು ನೋಡಿದ್ದಳು. ನಾನು ಕೊಟ್ಟಿಗೆಗೆ ಕಾಗದ ಹಿಡಿದು ಹೋದಾಗ, ಗೌಡರು ಇಲ್ಲದ ದಿನವೇ ನೋಡಿ ಸರ್ಕಾರ ತನ್ನ ಹತ್ತಿರ ಬಂದಿದೆ ಎಂದುಕೊಂಡಿದ್ದಳು. ಒಂದು ಬುಟ್ಟಿಯನ್ನೂ ತಪ್ಪು ಹೇಳಬಾರದೆಂದು ಅಷ್ಟು ಎಚ್ಚರದಿಂದ ಹೇಳಿದ್ದಳು. ಆಫೀಸಿನಲ್ಲಿ ವಿಚಾರಿಸುತ್ತೇನೆ ಎಂದೆ. ಅಲ್ಲೇ, ಆಗಲೇ, ಇಲ್ಲ ಎಂದು ಹೇಳಬಹುದಿತ್ತು.

ಮರುದಿನ ಗೌಡರು ಕೊಟ್ಟಿಗೆಯ ಕೆಲಸಕ್ಕೆ ಮನೆಯಾಳನ್ನೇ ಹಚ್ಚಿದರು. ಅವನು ಹೆಂಡಿಯನ್ನು ನೇರ ತೊಟ್ಟಿಗೆ ತಳ್ಳಿ, ನೀರು ಬೆರೆಸಿ, ಗುಂಡಿಗೆ ಬಿಡುತ್ತಿದ್ದ. ಅರ್ಜಿಯಲ್ಲಿ ಬರೆದಷ್ಟು ಹೆಂಡಿ ಪೂರ್ತಿ ಬೀಳಬೇಕು, ಇಲ್ಲದಿದ್ದರೆ ಎರಡು ಹೊತ್ತಿನ ಅಡುಗೆಗೂ ಒಂದು ದೀಪಕ್ಕೂ ಸಾಲುವುದಿಲ್ಲ ಎಂದು ಹೇಳಿಕೊಟ್ಟವನು ನಾನೇ. ಗೌಡರು ಕೆಟ್ಟವರಲ್ಲ. ಆಯಿಗೆ ಹೊಲದ ಕಳೆ ತೆಗೆಯುವ ಕೆಲಸ ಕೊಡುತ್ತೇನೆ ಎಂದರು. ಅವಳ ಮೊಣಕಾಲು ಕುಕ್ಕರಗಾಲಿಗೆ ಬಗ್ಗುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಬಯಲಿನ ಹೆಂಡಿಯಾದರೂ ಇದೆಯಲ್ಲ ಎಂದರು. ಗ್ಯಾಸು ಬಂದ ಮೇಲೆ ಅವರ ದನಗಳು ಬಯಲಿಗೆ ಬರುವುದೇ ನಿಂತಿತ್ತು. ಕಟ್ಟಿಯೇ ಮೇವು ಹಾಕುತ್ತಿದ್ದರು. ಮಿಕ್ಕವರ ನಾಲ್ಕು ಬಡಕಲು ದನಗಳ ಹಿಂದೆ ಹತ್ತು ಬುಟ್ಟಿ.

ಗುಂಡಿಯಿಂದ ಹೊರಬೀಳುವ ರಾಡಿಯನ್ನಾದರೂ ಕೊಡಿಸು ಎಂದು ಆಯಿ ನನ್ನನ್ನು ಕೇಳಿದಳು. ಅದು ಹೊಲಕ್ಕೆ ಒಳ್ಳೆಯ ಗೊಬ್ಬರ, ಗೌಡರಿಗೆ ಬೇಕಿತ್ತು. ಆದರೂ ಎರಡು ಬುಟ್ಟಿ ಬಿಟ್ಟುಕೊಟ್ಟರು. ಅವಳು ಅದಕ್ಕೆ ಹೊಟ್ಟು ಬೆರೆಸಿ, ಕಲಸಿ, ತನ್ನ ಮನೆಯ ಗೋಡೆಗೆ ತಟ್ಟಿದಳು. ನಾನು ನೋಡುತ್ತ ನಿಂತಿದ್ದೆ. ಕುಳ್ಳು ಗೋಡೆಯ ಮೇಲೆ ಒಂದು ಕ್ಷಣ ನಿಂತು, ನಿಧಾನವಾಗಿ ಜಾರಿ, ಬುಡಕ್ಕೆ ಬಿತ್ತು. ಇನ್ನೊಂದು ತಟ್ಟಿದಳು. ಅದೂ ಜಾರಿತು. ಆಮೇಲೆ ನೆಲದ ಮೇಲೆ ಬಡಿದು ಒಣಗಿಸಿದಳು. ಒಲೆಗೆ ಹಾಕಿದರೆ ಕೆಂಡ ಹಿಡಿಯಲಿಲ್ಲ, ಬರೀ ಬೂದಿಯಾಗಿ ಉದುರಿತು. ಅವಳು ಅದನ್ನು ಕಡ್ಡಿಯಿಂದ ಕೆದಕಿ, “ಇದರಾಗಿಂದು ಉರಿ ಅವರು ಮೊದಲ ಉಂಡಾರ” ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ಪರೀಕ್ಷೆ ಮಾಡಿ ನೋಡಿದವರ ಮಾತಿನಂತಿತ್ತು.

ಕೆಲವು ದಿನಗಳ ಮೇಲೆ ಸೊಸೈಟಿಯ ಸಾಲಿನಲ್ಲಿ ಅವಳನ್ನು ಕಂಡೆ. ಜನ್ಮದಲ್ಲಿ ಸೀಮೆಎಣ್ಣೆಯಲ್ಲಿ ಅಡುಗೆ ಮಾಡಿದವಳಲ್ಲ, ಒಂದು ಚಿಮಣಿ ದೀಪ ಹಚ್ಚಿದ್ದೇ ಹೆಚ್ಚು. ಈಗ ಮಗಳ ಮನೆಯಿಂದ ತಂದ ಹಳೆಯ ಬತ್ತಿ ಸ್ಟವ್ ಇಟ್ಟುಕೊಂಡಿದ್ದಳು. ಬಾಟಲಿ ಎತ್ತಿ ತೋರಿಸಿದಳು. “ನೋಡು, ನಿಮ್ಮ ಅರಬರ ಎಣ್ಣಿ ಗೌಡರ ಮನೀ ಬಿಟ್ಟು ನನ್ನ ಮನೀಗೆ ಬಂತು.” ಸಾಲಿನಲ್ಲಿದ್ದವರು ನಕ್ಕರು. ಈ ಸಲ ನನಗೆ ನಗಲು ಆಗಲಿಲ್ಲ.

ಒಂದು ಮಧ್ಯಾಹ್ನ ಅವಳು ನನ್ನ ಕೋಣೆಗೆ ಬಂದು, ಆ ಕಾಗದ ಓದು ಎಂದಳು. ನನ್ನ ಹತ್ತಿರ ಅದರ ನಕಲು ಇತ್ತು. ಓದಿದೆ. ದನಗಳ ಎಣಿಕೆ, ಬುಟ್ಟಿಯ ಎಣಿಕೆ, ಹಸಿ ಮೇವಿನ ಕಾಲ, ಒಣ ಮೇವಿನ ಕಾಲ. ಅವಳು ಪ್ರತಿಯೊಂದಕ್ಕೂ ಹೌದು ಹೌದು ಎಂದು ತಲೆ ಆಡಿಸಿದಳು. ಆಮೇಲೆ ‘ಸೆಗಣಿಯ ಮಾಲೀಕರು’ ಎಂಬ ಕಾಲಂ ಬಂತು. ಅಲ್ಲಿ ಗೌಡರ ಹೆಸರಿತ್ತು. ಬರೆದದ್ದು ನನ್ನ ಅಕ್ಷರದಲ್ಲೇ. ಆ ದಿನ ಅವಳನ್ನು ಕೇಳದೆ ತುಂಬಿದ ಕಾಲಂ ಅದೊಂದೇ. ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಆಯಿ ಹೇಳಿದಳು: “ನಾ ಹೇಳಿದ್ದೆಲ್ಲಾ ಖರೇ ಬರದಿ, ತಮ್ಮಾ. ನಾ ಹೇಳಲಾರದ್ದೂ ಬರದಿ.”

ಅವಳ ಮಾತು ಇಷ್ಟೇ ಎಂದು ನನಗೆ ನೆನಪು. ಇಷ್ಟು ಚೊಕ್ಕವಾಗಿ ಹೇಳಿದಳೋ, ಇಷ್ಟು ವರ್ಷ ತಲೆಯಲ್ಲಿಟ್ಟುಕೊಂಡು ನಾನೇ ಹೀಗೆ ಉಜ್ಜಿ ನುಣುಪು ಮಾಡಿದೆನೋ. ಅರ್ಥ ಮಾತ್ರ ಇದೇ.

ಆಫೀಸಿಗೆ ಪತ್ರ ಬರೆದೆ. ಊರಿಗೆಲ್ಲ ಸೇರಿ ಒಂದು ದೊಡ್ಡ ಗುಂಡಿ ಕಟ್ಟಬಹುದು, ಹೆಂಡಿ ಬಳಿದು ತಂದು ಹಾಕುವ ಹೆಂಗಸರಿಗೂ ಅದರ ಉರಿಯಲ್ಲಿ ಪಾಲು ಇರಬೇಕು ಎಂದು. ಯೋಜನೆ ದನ ಇರುವವರಿಗೆ ಮಾತ್ರ, ಬೇರೆ ಅವಕಾಶ ಇಲ್ಲ ಎಂದು ಉತ್ತರ ಬಂತು. ಆ ಪತ್ರವನ್ನು ಆಯಿಗೆ ಓದಿ ಹೇಳಿದೆ. ಅವಳು ಅದರಲ್ಲಿ ತನ್ನ ಹೆಬ್ಬೆಟ್ಟು ಇದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಹಾಗಾದರೆ ಸರಿ ಎಂದಳು.

ಮಳೆಗಾಲ ಕಳೆದ ಮೇಲೆ ಅವಳ ಮನೆಯ ಗೋಡೆಯ ಮೇಲೆ ಮತ್ತೆ ಮೂರು ಬೆರಳಿನ ಕುಳ್ಳು ಕಂಡವು. ಹೆಚ್ಚಿಲ್ಲ, ಒಂದು ಸಾಲು. ಎಲ್ಲಿಂದ ಬಂತು ಎಂದು ಕೇಳಿದರೆ ಮಾತು ತಿರುಗಿಸಿದಳು. ನಾಲ್ಕು ದಿನದಲ್ಲಿ ನನಗೇ ಗೊತ್ತಾಯಿತು. ಕೊಟ್ಟಿಗೆಯ ಕೊನೆಯ ಗೂಟಕ್ಕೆ ಕಟ್ಟುತ್ತಿದ್ದ ಎಮ್ಮೆಯ ಹೆಂಡಿಯನ್ನು, ಗೌಡರು ಏಳುವುದಕ್ಕೆ ಮೊದಲು, ಗೌಡಸಾನಿ ತಾವೇ ಬುಟ್ಟಿಗೆ ತುಂಬಿ ಹಿತ್ತಲ ಬಾಗಿಲ ಹೊರಗೆ ಇಡುತ್ತಿದ್ದರು. ಕೈಯಿಂದ ಹೆಂಡಿ ಬಳಿದು ರೂಢಿ ಇಲ್ಲದ ಹೆಂಗಸು. ಆಯಿ ಬಂದು ಒಯ್ಯುತ್ತಿದ್ದಳು. ಒಂದು ಎಮ್ಮೆಯ ಹೆಂಡಿಯಿಂದ ಜೋಳ ಪೂರ್ತಿ ಬರುತ್ತಿರಲಿಲ್ಲ, ಆದರೆ ಅವಳು ಊರಲ್ಲಿ ಉಳಿಯಲು ಸಾಕಾಗುತ್ತಿತ್ತು.

ಚಳಿ ಬಂತು. ಚಳಿಯಲ್ಲಿ ಗ್ಯಾಸು ಸಹಜವಾಗಿ ಕಡಿಮೆ ಹುಟ್ಟುತ್ತದೆ. ಗೌಡರ ಮನೆಯ ದೀಪ ಊಟಕ್ಕೆ ಮೊದಲೇ ಆರತೊಡಗಿತು. ಅವರು ನನ್ನನ್ನು ಕರೆಸಿದರು. ನಾನು ನೋಟುಬುಕ್ಕು ಹಿಡಿದು ಹೋದೆ. ಡ್ರಮ್ಮಿನ ಎತ್ತರ ನೋಡಿದೆ. ಎಷ್ಟು ಕಡಿಮೆಯಾಗಿದೆ ಎಂದು ಲೆಕ್ಕ ಹಾಕಿದೆ. ಚಳಿಗೆ ಆಗಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಕಡಿಮೆಯಾಗಿತ್ತು. ಆ ಹೆಚ್ಚಿನ ಕೊರತೆ ಎಷ್ಟೆಂದರೆ, ಆಯಿ ಬರೆಸಿದ್ದ ಲೆಕ್ಕದ ಪ್ರಕಾರ, ಸರಿಯಾಗಿ ಒಂದು ಎಮ್ಮೆಯದು.

ಗೌಡರು ಕೇಳಿದರು: “ಸಾಹೇಬ್ರ, ಬರೋಬ್ಬರಿ ಹೇಳ್ರಿ. ಥಂಡಿಗೆ ಕಮ್ಮಿ ಆಗೇತೋ, ಹೆಂಡೀನ ಕಮ್ಮಿ ಬೀಳಾಕ ಹತ್ತೇತೋ?”

ಬಾಗಿಲ ಹಿಂದೆ ಗೌಡಸಾನಿಯ ಬಳೆಯ ಸದ್ದು ನಿಂತಿತು.

ಇಲ್ಲಿಂದ ಮುಂದೆ ನನ್ನ ಹತ್ತಿರ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಚಳಿಗೆ ಎನ್ನುತ್ತೇನೆ, ಬಿಸಿನೀರು ಬೆರೆಸಿ ನೋಡಿ ಎನ್ನುತ್ತೇನೆ, ಗೌಡರು ತಲೆ ಆಡಿಸುತ್ತಾರೆ. ಇನ್ನೊಂದರಲ್ಲಿ ನೋಟುಬುಕ್ಕು ತೆರೆದು ಬೆರಳಿಟ್ಟು ತೋರಿಸುತ್ತೇನೆ. ಲೆಕ್ಕ ಅಷ್ಟು ಸರಿಯಾಗಿ ಕೂಡಿತ್ತು. ಅದು ಕೂಡಿದ್ದಕ್ಕೆ ನನಗೆ ಖುಷಿಯಾಗಿತ್ತು. ಆ ಖುಷಿ ನಿಜ, ಅದರಲ್ಲಿ ಅನುಮಾನ ಇಲ್ಲ. ಖುಷಿಯಲ್ಲಿ ಬಾಯಿ ಬಿಟ್ಟೆನೇ? ಇಪ್ಪತ್ತೈದರ ವಯಸ್ಸು. ಗೌಡರು ಎದುರಿಗೆ ಕುರ್ಚಿ ಹಾಕಿಸಿ ಕೂಡಿಸಿದ್ದರು. ಎರಡೂ ನೆನಪುಗಳಲ್ಲಿ ಅದೇ ಕುರ್ಚಿ, ಅದೇ ಬಿಸಿಲು.

ಒಂದು ವಾರದೊಳಗೆ ಆಯಿಗೆ ಸಿಗುತ್ತಿದ್ದ ಎಮ್ಮೆಯ ಹೆಂಡಿ ನಿಂತಿತು. ಮನೆಯಾಳು ಇನ್ನೂ ಬೇಗ ಏಳತೊಡಗಿದ್ದ. ಗೌಡರು ತಾವೇ ಕಂಡುಹಿಡಿದಿರಬಹುದು. ಮನೆಯಾಳು ಹೇಳಿರಬಹುದು.

ಆಯಿ ಒಂದು ಗಂಟು ಹಿಡಿದು ನನ್ನ ಬಾಗಿಲಿಗೆ ಬಂದಳು. ಹಿಟ್ನಾಳಕ್ಕೆ ಮಗಳ ಮನೆಗೆ ಹೊರಟಿದ್ದೇನೆ ಎಂದಳು. ಅಳಿಯನಿಗೆ ಅವಳು ಬರುವುದು ಬೇಕಿಲ್ಲ ಎಂಬುದು ಊರಿಗೆಲ್ಲ ತಿಳಿದಿತ್ತು. ಇಲ್ಲೇ ಇರಬಾರದೇ ಎಂದು ಕೇಳಿದೆ. ಕೇಳಬಾರದ ಮಾತು.

“ಇಲ್ಲಿದ್ದು ಏನು ಬಳೀಲಿ, ತಮ್ಮಾ?”

ಅಷ್ಟೇ. ನನ್ನನ್ನು ಬೇರೆ ಏನೂ ಕೇಳಲಿಲ್ಲ. ಬಸ್ಸಿನ ದಾರಿಯವರೆಗೆ ಗಂಟು ಹೊತ್ತುಕೊಂಡು ಹೋಗಿ ಬಿಟ್ಟು ಬಂದೆ. ದಾರಿಯಲ್ಲಿ ಅವಳು ಮಾತಾಡಿದ್ದೆಲ್ಲ ಆಕಳು ಈಯುವ ದಿನದ ಬಗ್ಗೆ. ಆ ಸಲ ಕರು ಅಡ್ಡ ಇದೆ, ಗೌಡರಿಗೆ ಹೇಳು, ದನದ ಡಾಕ್ಟರನ್ನು ಮೊದಲೇ ಕರೆಸಲಿ ಎಂದಳು. ಹೇಳಿದೆ. ಕರು ಅಡ್ಡವೇ ಇತ್ತು. ಆಕಳು ಬದುಕಿತು.

ನನಗೆ ಮುಂದೆ ಗಂಗಾವತಿಗೆ ವರ್ಗವಾಯಿತು. ಅಲ್ಲಿ ರೈಸ್‌ಮಿಲ್ಲುಗಳ ಹಿಂದೆ ಭತ್ತದ ಹೊಟ್ಟು ಗುಡ್ಡೆ ಬಿದ್ದಿರುತ್ತಿತ್ತು. ಕೂಲಿ ಹೆಂಗಸರು ಅದನ್ನು ಊಕ ಎಂದು ತೆಲುಗಿನಲ್ಲಿ ಕರೆದು, ಚೀಲ ತುಂಬಿ ಒಲೆಗೆ ಒಯ್ಯುತ್ತಿದ್ದರು. ಡೀಸೆಲ್ಲು ಕಲ್ಲಿದ್ದಲು ಬಿಟ್ಟು ಈ ಹೊಟ್ಟಿನಿಂದಲೇ ಬಾಯ್ಲರು ನಡೆಸುವ ಮಾತು ಬಂದಾಗ ನಾನು ಸಭೆಯಲ್ಲಿ ಎದ್ದು, ಈಗ ಇದನ್ನು ಯಾರು ಒಯ್ಯುತ್ತಿದ್ದಾರೆ ಎಂದು ಕೇಳಿದೆ. ಸಾಹೇಬರು ನನ್ನ ಮುಖ ನೋಡಿದರು. ಅರ್ಜಿಯಲ್ಲಿ ಅಂಥ ಕಾಲಂ ಇರಲಿಲ್ಲ. ನಾನೇ ಕೈಯಿಂದ ಗೆರೆ ಎಳೆದು ಒಂದು ಕಾಲಂ ಮಾಡಿ, ಹೆಂಗಸರನ್ನು ಕೇಳಿ ಕೇಳಿ ತುಂಬಿದೆ. ಎರಡು ಮಿಲ್ಲಿನವರು ಒಂದಿಷ್ಟು ಹೊಟ್ಟು ಅವರಿಗೆ ಬಿಡಲು ಒಪ್ಪಿದರು, ಉಳಿದವರು ಒಪ್ಪಲಿಲ್ಲ. ನೌಕರಿ ಮುಗಿಯುವ ತನಕ ಆ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ಅದನ್ನು ನಾನು ಆಯಿಯಿಂದ ಕಲಿತದ್ದು ಎಂದು ಹೇಳಿದರೆ ಅವಳು ಪಾಠ ಹೇಳಲು ಬಂದಿದ್ದಳು ಎಂದಂತಾಗುತ್ತದೆ. ಅವಳು ತನ್ನ ಪಾಲು ಕೇಳಲು ಬಂದಿದ್ದಳು.

ಎಂಬತ್ತರ ದಶಕದ ಕೊನೆಗೆ ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಗೌಡಸಾನಿ ಸಿಕ್ಕರು. ಗೌಡರು ತೀರಿಹೋಗಿದ್ದರು. ಗೌಡಸಾನಿಯ ಕಣ್ಣು ಚೆನ್ನಾಗಿದ್ದವು. ದೂರದಿಂದಲೇ ನನ್ನ ಗುರುತು ಹಿಡಿದು ಕರೆದವರು ಅವರು. ಆಯಿ ಹಿಟ್ನಾಳದಲ್ಲಿ ಹೋದ ವರ್ಷ ತೀರಿಕೊಂಡಳು ಎಂದರು. ಮಣ್ಣಿಗೆ ತಾವು ಹೋಗಿದ್ದಾಗಿ ಹೇಳಿದರು. ಇನ್ನೂ ಏನೋ ಹೇಳುವವರಂತೆ ನನ್ನನ್ನೇ ನೋಡುತ್ತ ನಿಂತರು. ಆ ದಿನ ಬಾಗಿಲ ಹಿಂದೆ ನಿಂತು ನನ್ನ ಮಾತು ಕೇಳಿಸಿಕೊಂಡವರು ಈಗ ಉಳಿದಿದ್ದರೆ ಅವರೊಬ್ಬರೇ. ನಾನು ಏನು ಹೇಳಿದೆ ಎಂದು ಅವರನ್ನು ಕೇಳಬಹುದಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಮಕ್ಕಳು ಏನು ಮಾಡುತ್ತಾರೆ ಎಂದು ಕೇಳಿದೆ. ಅವರು ಅದಕ್ಕೆ ಉತ್ತರ ಹೇಳಿದರು.

ಗೌಡರಿಗೆ ನಾನು ಏನು ಹೇಳಿದೆನೆಂದು ನನಗೆ ಗೊತ್ತಿಲ್ಲ.